ನೀರು ತುಂಬುವ ಹಬ್ಬದ ರಾತ್ರಿ ಬಚ್ಚಲಲ್ಲಿ ಕಂಡ ನೀಲಿ ಬೆಳಕು

ದೇವರ ಮುಂದೆ ದೀಪ ಹಚ್ಚಿಟ್ಟು ಬರೆಯುತ್ತಿದ್ದೇನೆ. ಇದರಲ್ಲಿ ಒಂದಕ್ಷರವೂ ಕಟ್ಟಿದ್ದಲ್ಲ. ಸುಳ್ಳು ಹೇಳಿದ್ದು ಆ ಸಂಜೆ... ಅದನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ.

ನಮ್ಮೂರು ಕುಂದಾಪುರದ ಕಡೆ. ಈಗ ಇರುವುದು ಮುಂಬಯಿ ಹತ್ತಿರದ ಠಾಣೆಯ ಕೋಪರಿಯಲ್ಲಿ, ಹಳೇ ಕಟ್ಟಡದ ಎರಡನೇ ಮಾಳಿಗೆ. ಗೀಸರಿನಿಂದ ಬಚ್ಚಲಿಗೆ ಬರುವ ಪೈಪು ಹಿಂದಿನವರು ಹಾಕಿಸಿದ ತಾಮ್ರದ್ದು. ದೀಪಾವಳಿ ಹತ್ತಿರ ಬಂದಾಗಲೇ ಅದರ ಒಂದು ಜಾಯಿಂಟು ಬೆಸುಗೆ ಬಿಟ್ಟು ತೊಟ್ಟಿಕ್ಕತೊಡಗಿತು. ಎಲ್ಲರೂ ಕಿತ್ತು ಪ್ಲಾಸ್ಟಿಕ್ ಹಾಕಿಸಿ ಎಂದರು. ಬಸಣ್ಣ ಮಾತ್ರ ಬೆಸುಗೆ ಹಾಕಿಕೊಡುತ್ತೇನೆ ಎಂದು ಬಂದರು. ವಿಜಯಪುರದ ಕಡೆಯವರು, ರಬಾಳೆಯಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಮೂವತ್ತು ವರ್ಷದಿಂದ ಇದೇ ಕೆಲಸ.

"ಅಕ್ಕಾರ, ಅಡಿಗಿಮನ್ಯಾಗಿನ ಮೇನ್ ವಾಲ್ ಬಂದ್ ಮಾಡೇನ್ರಿ, ಇಡೀ ಮನಿಗೆ ನೀರಿಲ್ಲ. ಪೈಪಿನ್ಯಾಗ ಒಂದ್ ಹನಿ ನೀರಿದ್ರೂ ಬೆಸಿಗಿ ಕುಂದ್ರೂದಿಲ್ಲ. ನಾ ಹೇಳೂತನಕಾ ಮುಟ್ಟಬ್ಯಾಡ್ರಿ."

"ಹಂಡೆ ತುಂಬ್ಸ್ಬೇಕಿತ್ತಲ್ಲ ಬಸಣ್ಣ. ಇವತ್ತು ನೀರು ತುಂಬುವ ಹಬ್ಬ."

"ಅರ್ಧಾ ತಾಸು ತಡೀರಿ. ನಿಮ್ಮ ಹಂಡೆ ಏನ್ ಲೋಕಲ್ ಟ್ರೇನ್ ಹಿಡದು ಓಡಿ ಹೋಗತೈತೇನು?"

ನಕ್ಕೆವು. ಆದರೆ ಕಟ್ಟಡದ ಸೊಸೈಟಿಯವರು ಬಿಡುವ ನೀರು ಸಂಜೆ ಏಳಕ್ಕೆ ನಿಲ್ಲುತ್ತದೆ. ಮರುದಿನದ ಎಣ್ಣೆಸ್ನಾನಕ್ಕೆ ದೀಪ ಹಚ್ಚುವ ಹೊತ್ತಿನಲ್ಲೇ ಹಂಡೆ ತುಂಬಿ ಪೂಜೆ ಮಾಡಬೇಕು. ಅತ್ತೆಯ ಕಾಲದಿಂದ ಒಂದು ವರ್ಷವೂ ತಪ್ಪಿಸಿದವಳಲ್ಲ. ಏಳಕ್ಕೆ ಐದು ನಿಮಿಷವಿತ್ತು. ಗೊಂಡೆ ಹೂ ಸುತ್ತಿದ ಹಂಡೆಯನ್ನು ಅಡಿಗೆಮನೆಯ ನಲ್ಲಿಯಡಿ ಇಟ್ಟೆ. ಅರ್ಧ ತಿರುಗಿಸಿದರೆ ನೀರು ಬಚ್ಚಲಿನವರೆಗೆ ಹೋಗಲಿಕ್ಕಿಲ್ಲ ಎಂದುಕೊಂಡು ವಾಲ್ ತಿರುಗಿಸಿದೆ...

ಬಚ್ಚಲಲ್ಲಿ 'ಛಸ್' ಎಂದು ಸದ್ದು. ಹಿಂದೆಯೇ ಬಸಣ್ಣನ ಚೀರು.

ಕಾದ ಪೈಪಿಗೆ ನೀರು ನುಗ್ಗಿ, ಆವಿಯೂ ಕರಗಿದ ಬೆಸುಗೆಯೂ ಅವರ ಬಲಗೈಗೆ ಸಿಡಿದಿತ್ತು. ನಾನು ಮೊದಲು ಓಡಿದ್ದು ಅವರ ಹತ್ತಿರಕ್ಕಲ್ಲ. ವಾಲ್ ಮುಚ್ಚಿದೆ, ಹಂಡೆಯ ಬಾಯಿಗೆ ತಟ್ಟೆ ಮುಚ್ಚಿದೆ. ಆಮೇಲೆ ಹೋದೆ.

"ಅಕ್ಕಾರ... ನೀರ ಬಿಟ್ರೇನ್ರಿ?"

"ಇಲ್ಲ ಬಸಣ್ಣ. ನಾನು ಮುಟ್ಲೇ ಇಲ್ಲ."

ಅವರು ಕೈಯನ್ನು ಬಕೆಟ್ಟಿನ ನೀರಿಗೆ ಅದ್ದಿಕೊಂಡರು. "ಹಂಗಾರ ನಾನಽ ಸರಿ ಬಂದ್ ಮಾಡಿಲ್ಲ. ಇನ್ನ ಈ ಕೈ ನಂಬೂಹಂಗಿಲ್ಲ. ಸಾಕ್ರಿ ಈ ಕೆಲಸಾ."

ಚೀಲವನ್ನು ಎಡ ಹೆಗಲಿಗೆ ಹಾಕಿಕೊಂಡು ಡಾಕ್ಟರ ಹತ್ತಿರ ಹೋದರು. ಜಾಯಿಂಟು ಬಿಚ್ಚಿಕೊಂಡೇ ಇತ್ತು. ಕಣ್ಣಿಗೆ ಸಿಡಿಯಲಿಲ್ಲವಲ್ಲ, ಅಷ್ಟು ದೇವರ ದಯೆ ಎಂದುಕೊಂಡು ಹಂಡೆಗೆ ಕುಂಕುಮ ಹಚ್ಚಿದೆ.

ಯಜಮಾನರು ಖಾರಘರದ ಹೋಟೆಲಿನಲ್ಲಿ ಕ್ಯಾಷಿಯರ್. ಹಬ್ಬದ ಗಿರಾಕಿಗಳೆಂದು ಆ ರಾತ್ರಿ ಅಲ್ಲೇ ಉಳಿದರು. ಬಚ್ಚಲಿನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ, ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಂಡೆ.

ಮೂರು ಗಂಟೆಯಿರಬೇಕು. ಸರ್ರ್... ಸರ್ರ್... ತಾಮ್ರದ ಮೇಲೆ ಪಾಲಿಶ್ ಪೇಪರ್ ಉಜ್ಜುವ ಸದ್ದು. ಹಿಂದೆಯೇ ಬೆಸುಗೆಯ ಪೇಸ್ಟು ಸುಟ್ಟ ಕಮಟು. ಬಚ್ಚಲಿನ ಬಾಗಿಲಡಿಯಲ್ಲಿ, ಬೆಸುಗೆಯ ಗ್ಯಾಸ್ ಜ್ವಾಲೆಯಂಥ ನೀಲಿ ಬೆಳಕು ನಡುಗುತ್ತಿತ್ತು...

"ಮಮ್ಮೀ..." ಮಗಳು ನನ್ನನ್ನು ಅಪ್ಪಿಕೊಂಡಳು. "ಬಾತ್‌ರೂಮ್ ಮೇ ಕೌನ್ ಹೈ?"

ಬಚ್ಚಲಲ್ಲಿ ಯಾರು ಎಂದು ಕೇಳಿದ ಅವಳ ಬಾಯಿ ಮುಚ್ಚಿದೆ. ಆಗ ಒಳಗಿನಿಂದ, ಮೆಲ್ಲಗೆ:

"ಅಕ್ಕಾರ... ನೀರ ಬಿಟ್ರೇನ್ರಿ?"

ನಾನು ಸೆರಗನ್ನು ಬಾಯಿಗೆ ತುರುಕಿ ಕಚ್ಚಿದೆ. ಉಸಿರು ಬಿಡಲಿಲ್ಲ. ಎಷ್ಟೋ ಹೊತ್ತಿಗೆ ಬೆಳಕು ಆರಿತು.

ಬೆಳಕು ಹರಿದ ಮೇಲೆ ನೋಡಿದರೆ ಚಿಲಕ ಹಾಕಿದಂತೆಯೇ ಇತ್ತು. ಒಳಗೆ ಜಾಯಿಂಟಿನ ಸುತ್ತ ಬೆಳ್ಳಿಯ ಉಂಗುರದಂಥ ಹೊಸ ಬೆಸುಗೆ. ಮುಟ್ಟಿದೆ... ಬೆಚ್ಚಗಿತ್ತು. ವಾಲ್ ಬಿಟ್ಟೆ. ಒಂದು ಹನಿಯೂ ಸೋರಲಿಲ್ಲ.

ಸ್ನಾನವನ್ನೂ ಮಾಡದೆ ಬಸಣ್ಣನಿಗೆ ಫೋನು ಮಾಡಿದೆ.

"ರಾತ್ರಿ ಎಲ್ಲಿದ್ರಿ ಬಸಣ್ಣ?"

"ಎಲ್ಲಿರ್ತೀನ್ರಿ? ಗುಳಗಿ ನುಂಗಿ ತಂಗಿ ಮನ್ಯಾಗ ಮಕ್ಕೊಂಡಿದ್ನಿ."

ಇನ್ನು ತಡೆಯಲಾಗಲಿಲ್ಲ. "ವಾಲ್ ಬಿಟ್ಟದ್ದು ನಾನು. ನಿಮ್ಮ ಕೈ ತಪ್ಪಲ್ಲ. ದಮ್ಮಯ್ಯ, ಕೆಲಸ ಬಿಡ್ಬೇಡಿ..."

"ಗೊತ್ತೈತ್ರಿ. ಕನಸಿನ್ಯಾಗ ನಿಮ್ಮ ಪೈಪಿಗಽ ಬೆಸಿಗಿ ಹಾಕಾಕತ್ತಿದ್ನಿ. ನಾ ಕೇಳ್ದೆ. ಬಾಗಲಾಚಿಂದ ನೀವು ಅಳಕೋತ 'ಹೌದು, ನಾನೇ ಬಿಟ್ಟೆ' ಅಂದ್ರಿ. ಆಮ್ಯಾಗಽ ಬೆಸಿಗಿ ಕುಂತಿದ್ದು."

ಅವರ ಕೈ ವಾಸಿಯಾಯಿತು, ಕೆಲಸಕ್ಕೂ ಹೋಗುತ್ತಿದ್ದಾರೆ. ಅದು ಸಣ್ಣ ದಯೆಯಲ್ಲ. ಆದರೆ ಆ ರಾತ್ರಿ ನನ್ನ ಬಾಯಲ್ಲಿ ಸೆರಗಿತ್ತು, ಮಗಳ ಬಾಯಿಯ ಮೇಲೆ ನನ್ನ ಕೈಯಿತ್ತು. ಹಾಗಾದರೆ ಬಾಗಿಲ ಬಳಿ ನಿಂತು ಅತ್ತವಳು ಯಾರು? ನನಗಿಂತ ಒಳ್ಳೆಯವಳು ಯಾರೋ... ಈ ಮನೆಯಲ್ಲಿ ಇದ್ದಾಳೆ.