ಸಿದ್ದಣ್ಣನ ಮೀಸೆ

ಈ ಸಾಲುಗಳನ್ನು ಬಲಗೈಯಲ್ಲಿ ಬರೆಯುತ್ತಿದ್ದೇನೆ. ಅದರಲ್ಲೇನು ವಿಶೇಷ ಎನ್ನುತ್ತೀರಾ? ಕಳೆದ ಸೋಮವಾರದ ಬೆಳಗಿನವರೆಗೆ ನನಗೂ ಅದು ವಿಶೇಷವೆನಿಸಿರಲಿಲ್ಲ.

(ಅಕ್ಷರ ಕೊಂಚ ನಡುಗಿದೆ. ಅಚ್ಚಿನ ಮೊಳೆ ಜೋಡಿಸುವವರು ಮನ್ನಿಸಬೇಕು.)

ನನ್ನ ಹೆಂಡತಿಯ ಅಣ್ಣ ಸಿದ್ದಣ್ಣ ಸೇಲಂ ಹತ್ತಿರದ ಎಡಪ್ಪಾಡಿಯಲ್ಲಿ ನೇಕಾರ. ಅವನಷ್ಟು ಚೆನ್ನಾಗಿ ನೇಯುವವರು ಆ ಊರಿನಲ್ಲಿಲ್ಲ. ಇದನ್ನು ನಾನು ಹೇಳಬೇಕಾಗಿಲ್ಲ, ಅವನೇ ಹೇಳುತ್ತಾನೆ. ಮೀಸೆ ತಿರುವಿಕೊಂಡು, ಬಂದವರಿಗೆಲ್ಲ ಹೇಳುತ್ತಾನೆ. "ನನ್ನ ಪಾವು ಬೀದೀಲಿ ಕೆಟ್ಟೋದ ದಿನ ಈ ಮೀಸೆ ಬೋಳಿಸ್ತೀನಿ" ಎಂಬ ಅವನ ಶಪಥ ಬೀದಿಗೆಲ್ಲ ಬಾಯಿಪಾಠ.

ಪಾವು ಎಂದರೆ ಮಗ್ಗಕ್ಕೆ ಏರಿಸುವ ಉದ್ದನೆಯ ಹಾಸುನೂಲು. ಬೆಳಗಿನ ತಂಪಿನಲ್ಲಿ ಅದನ್ನು ಬೀದಿಯುದ್ದಕ್ಕೂ ಬಿಗಿದು, ಗಂಜಿ ಸವರಿ, ಕುಂಚದಿಂದ ಬಾಚುತ್ತಾರೆ. ಆ ಹೊತ್ತಿನಲ್ಲಿ ಅಲ್ಲಿ ಗಾಡಿ ಬರುವಂತಿಲ್ಲ. ಮದುವೆ ದಿಬ್ಬಣವಾದರೂ ಬೇರೆ ಬೀದಿ ಸುತ್ತಿಕೊಂಡೇ ಹೋಗಬೇಕು.

ಸೋಮವಾರ ಹಾಸಿದ್ದು ಅವನ ಮಗಳ ಧಾರೆ ಸೀರೆಯ ಪಾವು. ಅರಿಶಿನದ ಬಣ್ಣ. ಮದುವೆ ಹತ್ತಿರ ಬಂದಿದೆ, ಮತ್ತೆ ನೂಲು ತಂದು ಬಣ್ಣ ಕಟ್ಟಲು ಹೊತ್ತಿಲ್ಲ. ತುದಿಯ ಹಗ್ಗ ಹಿಡಿಯುವ ಆಳಿಗೆ ಜ್ವರ. ನಾನು ಮದುವೆ ಮಾತಿಗೆಂದು ಸೇಲಂನಿಂದ ಹೋದವನು, ಸುಮ್ಮನೆ ನಿಂತಿದ್ದೆ. ಹಗ್ಗ ನನ್ನ ಕೈಗೆ ಬಂತು.

"ಸೇಲಂ ದೊರೆಗೆ ನಮ್ಮೋರು ಕೆಲ್ಸ ಕೊಟ್ಟವ್ರೆ ನೋಡ್ರಮ್ಮ!" ಎಂದು ಸಿದ್ದಣ್ಣನ ಹೆಂಡತಿ ಗೌರಮ್ಮ ನಕ್ಕಳು.

ಕೆಲಸ ಸುಲಭ. ಪಾವಿನ ತುದಿಯ ಕೋಲಿಗೆ ಕಟ್ಟಿದ ಹಗ್ಗ ಒಂದು ಕಲ್ಲುಕಂಬವನ್ನು ಬಳಸಿ ಬರುತ್ತದೆ. ನೂಲು ಬಿಗಿದರೆ ಸಡಿಲ ಬಿಡಬೇಕು, ಜೋತರೆ ಎಳೆಯಬೇಕು.

"ಅಗ್ಗಾನ ಕೈಗೆ ಸುತ್ಕೋಬ್ಯಾಡ ಭಾವ. ಅಂಗೈಲಿ ಇಡ್ಕೋ, ಸಾಕು" ಎಂದ ಸಿದ್ದಣ್ಣ.

ನಾನು ಕೇಳಿಸಿಕೊಂಡೆ. ಆದರೆ ಅಂಗೈ ಬೆವರಿತು. ಹಗ್ಗ ಜಾರಿದರೆ ಮಾನ ಹೋಗುತ್ತದಲ್ಲ? ಅವನು ಆ ತುದಿಗೆ ಹೋದಾಗ ಬಲ ಮಣಿಕಟ್ಟಿಗೆ ಸುತ್ತಿಕೊಂಡೆ. ಸೋಮಾರಿತನದಿಂದಲ್ಲ, ಶ್ರದ್ಧೆಯಿಂದ!

ಸಿದ್ದಣ್ಣ ಬಾಚುತ್ತ ಬಾಚುತ್ತ ನನ್ನ ಹತ್ತಿರಕ್ಕೆ ಬಂದಿದ್ದ. ಆಗ ಹೆದ್ದಾರಿಯಲ್ಲಿ, ಮೆಟ್ಟೂರು ಅಣೆಕಟ್ಟಿನ ಕೆಲಸಕ್ಕೆ ಆಳುಗಳನ್ನು ಒಯ್ಯುವ ಬಸ್ಸು ಹಾರ್ನ್ ಹೊಡೆಯಿತು. ಪಕ್ಕದ ಮನೆಯ ಹೋರಿ ಬೆದರಿ, ಕಟ್ಟಿದ ಮಿಣಿ ಕಿತ್ತುಕೊಂಡು ಬೀದಿಗೆ ನುಗ್ಗಿತು. ನೇರವಾಗಿ ಪಾವಿಗೇ ಬಿತ್ತು. ಕೊಂಬು ನೂಲಿನಲ್ಲಿ ಸಿಕ್ಕಿಕೊಂಡಿತು.

ಒಂದು ಎಳೆಯನ್ನು ಮಗು ಕೂಡ ಹರಿಯುತ್ತದೆ. ಎಲ್ಲ ಎಳೆ ಒಟ್ಟಾದರೆ ಹೋರಿಯನ್ನೂ ತಡೆಯುತ್ತವೆ. ಹೋರಿ ಎಳೆಯಿತು. ಹಗ್ಗ ಓಡಿತು. ನನ್ನ ಮಣಿಕಟ್ಟು ಕಂಬಕ್ಕೆ ಬಡಿದು, ಕಲ್ಲಿಗೂ ಹಗ್ಗಕ್ಕೂ ನಡುವೆ ಸಿಕ್ಕಿತು. ಬೆರಳು ಕಪ್ಪಾಗುವುದನ್ನು ನಾನೇ ನೋಡಿದೆ. ಕೂಗಿದೆನೋ ಇಲ್ಲವೋ ನೆನಪಿಲ್ಲ. ಹೋರಿ ಇನ್ನೊಮ್ಮೆ ತಲೆ ಕೊಡವಿ ಎಳೆದಿದ್ದರೆ ಮೂಳೆ ಪುಡಿ.

ಸಿದ್ದಣ್ಣ ಹೋರಿಯ ಕಡೆ ಓಡಲಿಲ್ಲ. ನನ್ನ ಕೈಯನ್ನೂ ಎಳೆಯಲಿಲ್ಲ. ಸೊಂಟದ ಚೂರಿ ತೆಗೆದು, ತುದಿಯ ಕೋಲಿನ ಪಕ್ಕದಲ್ಲಿ, ಮಗಳ ಧಾರೆ ಸೀರೆಯ ನೂಲಿನ ಮೇಲೆ ಒಂದೇ ಏಟು ಹಾಕಿದ. ಅರಿಶಿನದ ಎಳೆಗಳು ಮಣ್ಣಿಗೆ ಬಿದ್ದವು. ಹಗ್ಗ ಸಡಿಲವಾಯಿತು.

ಪಕ್ಕದ ಮನೆಯವರು ಓಡಿಬಂದು ಹೋರಿಯನ್ನು ಹಿಡಿದು, ಕೊಂಬಿನಿಂದ ನೂಲು ಬಿಡಿಸಿದರು.

"ಅಗ್ಗ ಕಡೀಬಾರ್ದಾಗಿತ್ತಾ?" ಎಂದು ಯಾರೋ ಅಂದರು.

"ತೆಂಗಿನ ನಾರಿನ ಅಗ್ಗ ಕಣ್ಲಾ. ಕುಯ್ಯೋದ್ರೊಳ್ಗೆ ಕೈ ಓಗಿರ್ತಿತ್ತು. ನೂಲು ಬಿಗಿದಿತ್ತು, ಒಂದೇಟು ಸಾಕು" ಎಂದ ಸಿದ್ದಣ್ಣ. ಆಮೇಲೆ ನನ್ನ ಕಡೆ ತಿರುಗಿದ. "ಸುತ್ಕೋಬ್ಯಾಡ ಅಂದಿದ್ನಲ್ಲ ಭಾವ?" ಬೈಯುವ ದನಿಯಲ್ಲಿ ಶುರುಮಾಡಿದ ಮಾತು ಅಳುವ ದನಿಯಲ್ಲಿ ಮುಗಿಯಿತು.

ಡಾಕ್ಟರರು ಮೂಳೆ ಮುರಿದಿಲ್ಲವೆಂದರು. ಚರ್ಮ ಸುಲಿದಿದೆ, ಬ್ಯಾಂಡೇಜ್ ಇದೆ, ಅಷ್ಟೆ. ನಾನು ಮರಳಿ ಬರುವಷ್ಟರಲ್ಲಿ ಬೀದಿಯ ಹೆಂಗಸರು ಯಾರೂ ಕರೆಯದೆಯೇ ಬಂದು ಕುಳಿತಿದ್ದರು. ಜಾರದಂತೆ ಬೂದಿ ಮುಟ್ಟಿದ ಬೆರಳುಗಳಲ್ಲಿ ಎಳೆಗೆ ಎಳೆ ಹೊಸೆದು ಸೇರಿಸುತ್ತಿದ್ದರು. ಸಿದ್ದಣ್ಣ ನಡುನಡುವೆ ನಿಂತು, ಹೊಸೆದ ಆ ಜೋಡಣೆ ಸೀರೆಯಲ್ಲಿ ಎಲ್ಲಿ ಬೀಳುತ್ತದೆಂದು ಮೊಳ ಹಾಕಿ ನೋಡುತ್ತಿದ್ದ. "ಸೊಂಟಕ್ಕೆ ಸಿಗ್ಸೋ ಜಾಗ್ದಾಗೆ ಬತ್ತೈತೆ. ಯಾರ್ಗೂ ಕಾಣಾಕಿಲ್ಲ." ಕಣ್ಣು ಕೆಂಪಾಗಿತ್ತು, ಲೆಕ್ಕ ಮಾತ್ರ ತಪ್ಪಿರಲಿಲ್ಲ.

ಕೆಲಸದಲ್ಲಿ ಮೇಲೆ ಬರುವುದು ಹೇಗೆ ಎಂದು ಈ ಅಂಕಣ ಓದುವ ಹುಡುಗರು ಆಗಾಗ ನನಗೆ ಬರೆಯುತ್ತಾರೆ. ಬಿಗಿಯಾಗಿ ಹಿಡಿಯಿರಿ, ಬಿಡಬೇಡಿ ಎಂದು ಉತ್ತರಿಸುತ್ತಿದ್ದೆ. ಅದೀಗ ಅರ್ಧ ಮಾತು ಅನಿಸುತ್ತಿದೆ. ಹಿಡಿಯುವುದೇ ಬೇರೆ, ಸುತ್ತಿಕೊಳ್ಳುವುದೇ ಬೇರೆ. ಆಫೀಸಿನಲ್ಲಿ ಕುರ್ಚಿಯನ್ನು, ಪದವಿಯನ್ನು, ನಮ್ಮದೇ ಹಟವನ್ನು ಮಣಿಕಟ್ಟಿಗೆ ಸುತ್ತಿಕೊಂಡು ಅದನ್ನೇ ನಿಷ್ಠೆ ಎನ್ನುವವರು ಎಷ್ಟು ಜನರಿಲ್ಲ? ನಿಜವಾದ ಕೆಲಸಗಾರ ಒಂದು ಎಳೆ ಕೆಡದಂತೆ ವರ್ಷಗಟ್ಟಲೆ ಕಾಯುತ್ತಾನೆ. ಕಡಿಯಲೇಬೇಕಾದ ಗಳಿಗೆ ಬಂದರೆ, ಎಲ್ಲಿ ಕಡಿಯಬೇಕೆಂಬುದು ಅವನ ಕೈಗೆ ಗೊತ್ತಿರುತ್ತದೆ.

ಮಾರನೆಯ ಬೆಳಿಗ್ಗೆ ಸಿದ್ದಣ್ಣ ಕಾಫಿಗೆ ಬಂದು ಕುಳಿತ. ಮೂಗಿನ ಕೆಳಗೆ ಏನೂ ಇರಲಿಲ್ಲ.

"ಬೀಗರು ನೋಡಿದ್ರೆ ಏನಂದಾರು? ಸುಲಿದ ಬಾಳೇಕಾಯಿ ಇದ್ದಂಗೈತೆ ಮೂತಿ!" ಗೌರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ನನಗೆ ನಗು ಬರಲಿಲ್ಲ. "ಯಾಕೆ ಭಾವ? ಹಾಳು ಮಾಡಿದ್ದು ನಾನಲ್ಲವೇ?" ಎಂದೆ.

"ಮಾತು ನಂದಲ್ವಾ?" ಎಂದು ಇಲ್ಲದ ಮೀಸೆಯನ್ನು ತಿರುವಲು ಹೋಗಿ ಕೈ ಇಳಿಸಿದ. "ಓಗ್ಲಿ ಬಿಡು, ಮೀಸೆ ತಿರ್ಗಾ ಬೆಳೀತೈತೆ. ಕೈ ಬೆಳೀತೈತಾ?"

ಮುಂದಿನ ತಿಂಗಳು ಮದುವೆ. ಆ ಅರಿಶಿನದ ಸೀರೆ ಉಟ್ಟವಳ ತಲೆಯ ಮೇಲೆ ಅಕ್ಷತೆ ಹಾಕಲು ನನಗೆ ಬಲಗೈ ಇದೆ, ಇನ್ನೇನು ಬೇಕು?