ರುದ್ರಪ್ಪನವರು ಕೇಳಿದ ಐದನೆಯ ಆಲ್ಬಮ್

ನನ್ನನ್ನು ಮನೆ ಬಿಡಿಸಲು ಬಂದವರು ನನ್ನ ಕುರ್ಚಿಯಲ್ಲೇ ಕೂತು ಎರಡು ಕ್ಯಾಸೆಟ್ ಪೂರ್ತಿ ಕೇಳಿದರು ಎಂದರೆ ಮೈಸೂರಿನ ನೀವು ನಂಬಲಾರಿರಿ. ಅಲ್ಲಿಯ ಮಾಲೀಕರಾಗಿದ್ದರೆ ತಿಂಗಳುಗಟ್ಟಲೆ ಮುಖ ಗಂಟಿಕ್ಕಿಕೊಂಡು ಓಡಾಡಿ, ಕೊನೆಗೆ ಪಕ್ಕದ ಮನೆಯವರಿಂದ ಹೇಳಿಸುತ್ತಿದ್ದರು. ದಾವಣಗೆರೆಯಲ್ಲಿ ಸಿಟ್ಟು ನೇರ ಬಾಗಿಲಿಗೇ ಬರುತ್ತದೆ. ಬರುವಾಗ ಒಂದು ತಟ್ಟೆ ಮಂಡಕ್ಕಿಯನ್ನೂ ತರುತ್ತದೆ.

ಹರಿಹರದ ಕಾರ್ಖಾನೆಯೊಂದರಲ್ಲಿ ನಕ್ಷೆ ಬಿಡಿಸುವ ಕೆಲಸ ಸಿಕ್ಕಿ ಮೈಸೂರಿನಿಂದ ಬಂದವಳು ನಾನು. ಒಂಟಿ ಹೆಣ್ಣಿಗೆ ಮನೆ ಕೊಡಲು ನಾಲ್ಕು ಕಡೆ ಒಲ್ಲೆ ಎಂದಿದ್ದರು. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಈ ಕೋಣೆಯೂ ಹೋದರೆ ಕೆಲಸ ಬಿಟ್ಟು ಮರಳಬೇಕಿತ್ತು. ಅಷ್ಟು ಗೊತ್ತಿದ್ದೂ ಸಂಜೆ ಬಂದೊಡನೆ ಕ್ಯಾಸೆಟ್ ಹಾಕುತ್ತಿದ್ದೆ. ಥ್ರ್ಯಾಶ್ ಮೆಟಲ್ ಅಂದರೆ ಗಿಟಾರು, ಡ್ರಮ್ಮು ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ಗದ್ದಲದ ಸಂಗೀತ. ಹದಿನೈದು ವರ್ಷದಿಂದ ಬಾರಿಸುತ್ತಿರುವ ಒಂದೇ ತಂಡದ ಆರು ಆಲ್ಬಮ್ಮುಗಳನ್ನು ಅಣ್ಣನೂ ನಾನೂ ಕೂಡಿಹಾಕಿದ್ದೆವು. ಒಂಟಿತನಕ್ಕೆ ಬೇರೆ ಮದ್ದು ನನಗೆ ಗೊತ್ತಿರಲಿಲ್ಲ.

ಮಾಲೀಕ ರುದ್ರಪ್ಪನವರು ಮೂವತ್ತು ವರ್ಷ ಹತ್ತಿ ಮಿಲ್ಲಿನಲ್ಲಿ ಮಗ್ಗ ನಡೆಸಿದವರು, ಆ ಸದ್ದಿಗೇ ಕಿವಿ ಅರ್ಧ ಮಂದವಾಗಿತ್ತು.

"ನಮ್ಮನೆಯಾಕಿಗೆ ತಲೆನೋವಂತೆ, ಬ್ಯಾರೆ ಮನೆ ನೋಡ್ಕಳ್ರಿ" ಎನ್ನುತ್ತ ಒಂದು ಸಂಜೆ ಬಾಗಿಲಿಗೆ ಬಂದವರು ಟೇಪ್ ರೆಕಾರ್ಡರಿನತ್ತ ತಲೆ ವಾಲಿಸಿದರು. "ತಡೀರಿ, ಬಂದ್ ಮಾಡಬ್ಯಾಡ್ರಿ. ಇದು ನಂಗೆ ಕೇಳಿಸ್ತೈತೆ."

ಅದು ಎರಡನೆಯ ಆಲ್ಬಮ್, ಅಣ್ಣನ ಪಾಲಿಗೆ ದೇವರು. ಅದು ಮುಗಿದ ಮೇಲೆ, ಐದನೆಯದು ಮೆತ್ತಗಿದೆಯಲ್ಲ, ಅವರ ಮನಸ್ಸು ಕರಗೀತು ಎಂದು ಅದನ್ನು ಹಾಕಿದೆ. ವೇಗ ತಗ್ಗಿಸಿದ ಆ ಆಲ್ಬಮ್ಮನ್ನು ನಾವಿಬ್ಬರೂ ಸದಾ ಜರೆದವರೇ.

ರುದ್ರಪ್ಪನವರು ತೊಡೆಯ ಮೇಲೆ ಬೆರಳಾಡಿಸುತ್ತ ಕೇಳಿದರು. "ಮೊದ್ಲು ಹಾಕಿದ್ರಲ್ಲ, ಅದ್ರಾಗ ಹುರುಪೈತೆ, ಖರೇ. ಆದ್ರೆ ಮಗ್ಗ ಹಂಗೆ ಓಡ್ಸಿದ್ರೆ ನೂಲು ಕಡೀತೈತೆ. ಇದ್ರಾಗ ಕೈ ಪಳಗೈತೆ ನೋಡ್ರಿ. ನಂಗೆ ಪಳಗೋಕೆ ಹತ್ತೊರ್ಷ ಹಿಡೀತು."

ಮನೆ ಬಿಡುವ ಮಾತು ಮತ್ತೆ ಬರಲಿಲ್ಲ. ದೀಪ ಹಚ್ಚುವ ಹೊತ್ತಿನಲ್ಲಿ ಮಾತ್ರ ಸದ್ದಿರಬಾರದೆಂದು ಅವರ ಹೆಂಡತಿ ಕರಾರು ಹಾಕಿದರು.

ಹಬ್ಬಕ್ಕೆ ನಾನು ಮೈಸೂರಿಗೆ ಹೋದಾಗ ಅಣ್ಣ ಐದನೆಯ ಆಲ್ಬಮ್ಮನ್ನು ಎಂದಿನಂತೆ ಬೈದ. ಕೈ ಪಳಗಿದ್ದನ್ನು ಸೋಲು ಅನ್ನಬೇಡ ಎಂದು ನಾನು ಜಗಳಕ್ಕೇ ನಿಂತೆ. "ಇಷ್ಟು ಬೇಗ ಆ ಊರಿನವಳಾಗಿಬಿಟ್ಯಲ್ಲೇ" ಎಂದ. ಅವನಿಗೆ ನೋವಾಗಿತ್ತು, ನನಗೂ.

ವಾಪಸು ಬಂದ ಸಂಜೆ ರುದ್ರಪ್ಪನವರು ಐದನೆಯದನ್ನೇ ಹಾಕಲು ಹೇಳಿದರು. ನಾನು ಎರಡನೆಯದನ್ನು ಹಾಕಿ, ಈ ಹುರುಪಿನ ಮುಂದೆ ಪಳಗಿದ ಕೈ ಯಾವ ಲೆಕ್ಕ ಎಂದು ಅಣ್ಣನ ಪರವಾಗಿ ವಾದಕ್ಕಿಳಿದೆ.

ಅವರು ಪೂರ್ತಿ ಕೇಳಿಸಿಕೊಂಡು ನಕ್ಕರು.

"ಊರಿಗೆ ಹೋಗ್ಬಂದ್ರಲ್ಲ, ಅದ್ಕೆ" ಎಂದರು.