ನುಂಗಲೊಲ್ಲದ ಉಗುಳಪ್ಪ

ಬೀದಿಯ ಮಕ್ಕಳು ಅವನಿಗೆ ಉಗುಳಪ್ಪ ಎಂದು ಹೆಸರಿಟ್ಟಿದ್ದರು. ಪಾಪ, ಅದು ಅವನ ಹೊಟ್ಟೆಪಾಡು. ಟೀ ಕಂಪನಿಯಲ್ಲಿ ರುಚಿ ನೋಡುವವನು. ಉದ್ದ ಮೇಜಿನ ಮೇಲೆ ಬಿಳಿ ಬಟ್ಟಲುಗಳ ಸಾಲು. ಚಮಚದಿಂದ ಸುರ್ರೆಂದು ಎಳೆದುಕೊಳ್ಳಬೇಕು, ನಾಲಿಗೆಯ ಮೇಲೆ ಹೊರಳಿಸಬೇಕು, ಪಿಚಕ್ಕೆಂದು ಡಬ್ಬಕ್ಕೆ ಉಗುಳಬೇಕು. ಎಲ್ಲವನ್ನೂ ನುಂಗುತ್ತ ಹೋದರೆ ಮಧ್ಯಾಹ್ನದೊಳಗೆ ತಲೆ ಗಿರ್ರೆನ್ನುತ್ತದೆ. ಮದುವೆಯ ಹೊಸದರಲ್ಲಿ ಹೆಂಡತಿ ಕೊಟ್ಟ ಹಾಲನ್ನೂ ಹಾಗೇ ಉಗುಳಿಬಿಟ್ಟಿದ್ದ, ಅವಳು ವಾರವಿಡೀ ಮಾತು ಬಿಟ್ಟಿದ್ದಳು. ಅದಿರಲಿ, ಹೇಳಹೊರಟದ್ದು ಬೇರೆ.

ಈಚೆಗೆ ಅವನಿಗೆ ಮರೆವು ಹತ್ತಿತ್ತು. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವುದು ಯಾರಿಗಿಲ್ಲ ಬಿಡಿ. ಆದರೆ ಒಂದು ದಿನ ಬೆಳಿಗ್ಗೆ ‘ಉತ್ತಮ’ ಎಂದ ಟೀಯನ್ನೇ ಮಧ್ಯಾಹ್ನ ‘ಸಪ್ಪೆ’ ಎಂದುಬಿಟ್ಟ. ಮ್ಯಾನೇಜರ್ ಬೈಯಲಿಲ್ಲ, ನಕ್ಕ. ಆ ನಗೆಯೇ ಎದೆಯಲ್ಲಿ ಮುಳ್ಳಾಗಿ ಕೂತಿತು. ಆ ಮೇಜು ಕೈತಪ್ಪಿದರೆ ಅವನಿಗೆ ಬೇರೆ ಬದುಕೇ ಗೊತ್ತಿರಲಿಲ್ಲ.

ಅದೇ ವಾರ ಹೆಂಡತಿ ಒಂದು ಲೋಟ ತಂದಿಟ್ಟಳು. ಕಡು ನೇರಳೆ ಬಣ್ಣ.

"ಏನಿದು?"

"ಕುಡೀರಿ ಸುಮ್ನೆ. ಒಳ್ಳೇದು."

ಒಳ್ಳೆಯದಕ್ಕೆ ಹೆಸರಿರುವುದಿಲ್ಲವೇ? ಅವಳು ಒಳಹೋದ ಕೂಡಲೇ ಎಳೆದ, ಹೊರಳಿಸಿದ. ಕಪ್ಪು ದ್ರಾಕ್ಷಿ, ಸಿಪ್ಪೆ ಸಮೇತ. ಕೋಕೋ. ಅಗಸೆ ಬೀಜ. ಹಿಂದಿನಿಂದ ಇನ್ನೊಂದು ಕಹಿ, ಯಾವುದೆಂದು ಹೊಳೆಯಲಿಲ್ಲ. ಸಿಂಕಿಗೆ ಉಗುಳಿ, ಉಳಿದದ್ದನ್ನೂ ಚೆಲ್ಲಿ ನೀರು ಬಿಟ್ಟ. ದಿನವೂ ಅದೇ ಆಟ. ಅವಳ ಮೇಲೂ ಕಣ್ಣಿಟ್ಟ. ಫೋನ್ ಬಂದರೆ ಬಾಲ್ಕನಿಗೆ ಹೋಗುತ್ತಾಳೆ. ಇವನು ಅಡುಗೆಮನೆಗೆ ಕಾಲಿಟ್ಟರೆ ಮಿಕ್ಸಿ ಹಾಕಿಬಿಡುತ್ತಾಳೆ. "ಸಾಕು ಬಿಡ್ರೀ ಕೆಲಸ, ಇನ್ನೆಷ್ಟು ಉಗುಳ್ತೀರಾ" ಎಂದು ಯಾವತ್ತೋ ಅಂದದ್ದೂ ನೆನಪಾಯಿತು. ನೋಡಿ, ಬೇಕಾದ್ದೆಲ್ಲ ಮರೆತರೂ ಇಂಥದ್ದು ಮರೆಯುವುದಿಲ್ಲ. ಮ್ಯಾನೇಜರ್ ಜೊತೆ ಸೇರಿ ತನ್ನ ನಾಲಿಗೆ ಕೆಡಿಸಿ ಮನೆಯಲ್ಲಿ ಕೂರಿಸುವ ಹುನ್ನಾರ ಇದು ಎಂದು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡ.

ಸಿಂಕಿನ ನೇರಳೆ ಕಲೆ ಕಂಡ ದಿನ ಅವಳು ಸಿಡಿದಳು.

"ಇಷ್ಟು ದಿನ ಇಲ್ಲಿಗೆ ಸುರೀತಿದ್ರಾ?"

"ಮೊದ್ಲು ನೀನು ಹೇಳೇ, ಆ ಕಹಿ ಏನು? ಮ್ಯಾನೇಜರ್ ಏನು ಕೊಟ್ಟ?"

"ಮ್ಯಾನೇಜರಾ? ನಿಮ್ಮ ತಲೆ! ಅದು ಕಿತ್ತಳೆ ಸಿಪ್ಪೆ ರೀ. ಡಾಕ್ಟರಮ್ಮನ್ನ ಫೋನಲ್ಲಿ ಕೇಳಿ ಮಾಡಿದ್ದು. ನೀವು ಮರೀತಿದ್ದೀರಿ ಅಂತ ಮುಖಕ್ಕೆ ಹೇಳೋ ಧೈರ್ಯ ನಂಗಿರ್ಲಿಲ್ಲ."

ಕಿತ್ತಳೆ ಸಿಪ್ಪೆ! ಮಗುವೂ ಕಣ್ಣು ಮುಚ್ಚಿ ಹೇಳುವಂಥದ್ದು ತನ್ನ ನಾಲಿಗೆಗೆ ಸಿಗಲಿಲ್ಲವೇ? ಅವನು ಕುರ್ಚಿ ಎಳೆದು ಕೂತುಬಿಟ್ಟ. ಆದರೂ ಅನುಮಾನ ಹೋಗಬೇಕಲ್ಲ, ಡಾಕ್ಟರಮ್ಮನ ಬಾಯಿಂದಲೇ ಕೇಳುತ್ತೇನೆಂದು ಹೆಂಡತಿಯನ್ನೂ ಹೊರಡಿಸಿಕೊಂಡು ಹೋದ.

"ಸಿಪ್ಪೆ, ಸೊಪ್ಪು, ಬೀಜಗಳಲ್ಲಿರೋ ಕೆಲವು ಅಂಶ ನಮಗೆ ನೇರವಾಗಿ ಅರಗಲ್ಲ ಯಜಮಾನ್ರೇ," ಎಂದಳು ಡಾಕ್ಟರಮ್ಮ. "ಕರುಳಲ್ಲಿರೋ ಬ್ಯಾಕ್ಟೀರಿಯಾ ಅದನ್ನ ಒಡೆದು ಚೂರು ಮಾಡ್ತವೆ. ಆ ಚೂರುಗಳು ರಕ್ತ ಸೇರಿ ಮಿದುಳಿಗೂ ಒಳ್ಳೇದು ಮಾಡಬಹುದು ಅಂತಾರೆ."

"ಮಾಡಬಹುದು ಅಂದ್ರೆ? ಮಾಡುತ್ತೋ ಇಲ್ವೋ?"

"ಗ್ಯಾರಂಟಿ ಇಲ್ಲ. ಇನ್ನೂ ಸಂಶೋಧನೆ ನಡೀತಾ ಇದೆ. ಮರೆವಿಗೆ ಬೇರೆ ಪರೀಕ್ಷೇನೂ ಮಾಡೋಣ. ಆದ್ರೆ ನುಂಗದೇ ಇದ್ರೆ ಕರುಳಿಗೆ ಹೋಗೋದು ಹೇಗೆ?"

"ನಮ್ಮನೆ ಮೋರಿ ಬ್ಯಾಕ್ಟೀರಿಯಾ ಚೆನ್ನಾಗಿ ಕೊಬ್ಬಿವೆ ಡಾಕ್ಟ್ರೇ," ಎಂದಳು ಹೆಂಡತಿ. "ಮೋರಿಗೀಗ ಎಲ್ಲಾ ನೆನಪಿರುತ್ತೆ."

ಗ್ಯಾರಂಟಿ ಇಲ್ಲ ಎಂದದ್ದೇ ಅವನಿಗೆ ಒಂಚೂರು ನಂಬಿಕೆ ತಂದಿತು. ಗ್ಯಾರಂಟಿ ಕೊಡುವ ಟೀ ದಲ್ಲಾಳಿಗಳನ್ನು ಜೀವಮಾನವಿಡೀ ಕಂಡಿದ್ದನಲ್ಲ!

ಮರುದಿನ ಅರ್ಧ ಲೋಟ ಅವಳಿಗೇ ಕುಡಿಸಿ, ಕಣ್ಣು ಮಿಟುಕಿಸದೆ ನೋಡುತ್ತ ಕೂತ.

"ನಾನು ಸತ್ನಾ? ಸರಿಯಾಗಿ ನೋಡಿ," ಎಂದಳು.

ಉಳಿದರ್ಧವನ್ನು ಅವನು ಗಟಗಟನೆ ನುಂಗಿದ. ಬಾಯಿ ಒರೆಸಿಕೊಂಡು, "ಇವತ್ತು ಮ್ಯಾನೇಜರ್‌ಗೆ ನಾನೇ ಹೇಳ್ತೀನಿ ಕಣೇ. ಪಕ್ಕದಲ್ಲಿ ಇನ್ನೊಬ್ಬರನ್ನ ನಿಲ್ಸಿ, ನಾನು ತಪ್ಪಿದ್ರೆ ಹಿಡೀಲಿ ಅಂತ," ಎಂದ.

"ಬೇಡ, ಮನೇಲಿರಿ ಅಂದ್ರೆ?"

"ಅಂದ್ರೆ ಅಂದ್ರು. ಗೊತ್ತಿದ್ದೂ ತಪ್ಪು ರುಚಿ ಹೇಳೋಕಾಗುತ್ತಾ?"

ಚಪ್ಪಲಿ ಮೆಟ್ಟಿದ. ಬಾಗಿಲವರೆಗೆ ಹೋದವನು ತಿರುಗಿ ಅವಳ ಮುಖವನ್ನೊಮ್ಮೆ ಅನುಮಾನದಿಂದಲೇ ದಿಟ್ಟಿಸಿದ. ಅಭ್ಯಾಸ, ಏನು ಮಾಡುವುದು.